ಉಸಿರು ಬಿಡೋಕೆ ಪೀರಿಯಡ್ ಎಲ್ಲಿದೆ?

ಇವತ್ತು ಬೆಂಗಳೂರಿನ ಒಂದು ಶಾಲೆಯಲ್ಲಿ ಟೀಚರ್‌ಗಳಿಗೆ ‘ಒತ್ತಡ ನಿರ್ವಹಣೆ’ ಶಿಬಿರ. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರಾಡಿ, ಸದಾ ನಗ್ತಾ ಇರಿ. ಇಟ್ಟಿದ್ದು ಶನಿವಾರ ಮಧ್ಯಾಹ್ನ, ಅವರ ಅರ್ಧ ರಜೆ ನುಂಗಿ! ಸೋಮವಾರ ಇರೋ ಒಂದೇ ಫ್ರೀ ಪೀರಿಯಡ್ಡಿಗೂ ಸಬ್‌ಸ್ಟಿಟ್ಯೂಷನ್, ಅಂದ್ರೆ ರಜೆ ಹಾಕಿದವರ ಕ್ಲಾಸ್ ನೋಡ್ಕೊಳ್ಳೋ ಕೆಲಸ.

ಸ್ವಾಮಿ, ಸುಸ್ತು ಮಾಡೋದೇ ಆ ನಗು. ಒಳಗೊಂದು ಇಟ್ಕೊಂಡು ಸಂಬಳಕ್ಕಾಗಿ ಮುಖದಲ್ಲಿ ಇನ್ನೊಂದು ತೋರಿಸೋದೂ ದುಡಿಮೆಯೇ ಅಂತ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರ ಬಗ್ಗೆ ಬರೆದಾಗ ಹೇಳಿದ್ರು. ದುಡಿಮೆ ಅಂದ್ಮೇಲೆ ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗ ಬೇಕು.

‘ಕಂಡಕ್ಟರ್‌ಗೆ ಟೆನ್ಷನ್ ಇಲ್ವಾ?’ ಅಂತೀರಿ. ಇದೆ. ಆದ್ರೆ ಜಗಳ ಆಡಿದ ಪ್ರಯಾಣಿಕ ಮೆಜೆಸ್ಟಿಕ್‌ನಲ್ಲಿ ಇಳಿದು ಹೋಗ್ತಾನೆ. ಇವತ್ತು ಬೈಸಿಕೊಂಡ ಹುಡುಗ ನಾಳೆ ಅದೇ ಬೆಂಚಲ್ಲಿ ಕೂತಿರ್ತಾನೆ, ಅವನಮ್ಮ ರಾತ್ರಿಯೇ ವಾಟ್ಸಾಪಲ್ಲಿ.

ಆ ಮೆಸೇಜಿಗೆ ಅವತ್ತೇ ಉತ್ತರ ಬೇಡ. ಬೆಳಿಗ್ಗೆ ಒಂದೇ ಸಾಲು: ‘3:45ಕ್ಕೆ ಬನ್ನಿ, ಮಾತಾಡೋಣ.’ ಬಂದಾಗ ಜೊತೆಗೆ ಇನ್ನೊಬ್ಬ ಟೀಚರ್ ಇರಲಿ. ಕ್ಲಾಸಲ್ಲಿ ಸಿಟ್ಟು ನೆತ್ತಿಗೇರಿದ್ರೆ ದನಿ ಏರಿಸಬೇಡಿ. ಗಂಟಲು ಹೋಗುತ್ತೆ, ಮಕ್ಕಳ ಗಲಾಟೆಯೂ ಏರುತ್ತೆ. ಬೋರ್ಡ್ ಕಡೆ ತಿರುಗಿ ಮೂರು ಸಾಲು ಬರೆಯಿರಿ, ಒಳಗೆಳೆದ ಉಸಿರಿಗಿಂತ ನಿಧಾನವಾಗಿ ಹೊರಗೆ ಬಿಡ್ತಾ.

ಎಲ್ಲಕ್ಕಿಂತ ಭಾರ, ಮಗು ಹತ್ತಿರ ಬಂದು ‘ಮಿಸ್, ಯಾರಿಗೂ ಹೇಳ್ಬೇಡಿ’ ಅನ್ನೋದು. ಅಯ್ಯೋ ಪಾಪ ಅಂತ ಮಾತು ಕೊಟ್ಟುಬಿಡ್ತೀವಿ, ಅಲ್ಲೇ ಎಡವೋದು. ‘ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಕೆದಕಿ ಕೆದಕಿ ಕೇಳಬೇಡಿ. ಅದರ ಮಾತಲ್ಲೇ ಬರೆದು, ದಿನಾಂಕ, ಸಮಯ ಹಾಕಿ, ಅವತ್ತೇ ಹೆಡ್‌ಮಾಸ್ಟರಿಗೂ ಕೌನ್ಸೆಲರಿಗೂ ತಿಳಿಸಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯವಾದ್ರೆ ಪೊಲೀಸರಿಗೆ ತಿಳಿಸೋದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ. ‘ಸ್ಕೂಲ್ ಹೆಸರು ಹಾಳಾಗುತ್ತೆ’ ಅನ್ನೋ ಸಬೂಬು ನಡೆಯಲ್ಲ. ಮಗು ಹೇಳಿದ್ದನ್ನು ಕೇಳಿಸಿಕೊಂಡ ಟೀಚರ್ ಮುಂದಿನ ಪೀರಿಯಡ್ಡಿಗೆ ನೇರ ಹೋಗಿ ಭಿನ್ನರಾಶಿ ಹೇಳ್ಕೊಡಬೇಕಾ? ಹತ್ತು ನಿಮಿಷ ಯಾರಾದ್ರೂ ಕ್ಲಾಸ್ ನೋಡ್ಕೊಳ್ಳಿ. ನಿದ್ದೆಯೇ ಬರ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಸೆಪ್ಟೆಂಬರ್ 5ರ ‘ಗುರುದೇವೋಭವ’ ಭಾಷಣ ಕೇಳಿದ್ರೆ ನನಗಂತೂ ಮೈಯೆಲ್ಲಾ ಉರಿಯುತ್ತೆ. ದೇವರಾದ್ರೆ ಫ್ರೀ ಪೀರಿಯಡ್ ಯಾಕೆ ಅಲ್ವಾ!

ಪೇರೆಂಟ್ಸ್ ಮೀಟಿಂಗಲ್ಲಿ 40 ಮನೆಯವರಿಗೆ ತಲಾ 5 ನಿಮಿಷ ಅಂದ್ರೆ ಒಂದೇ ಸಮ 200 ನಿಮಿಷ. ಅದರ ನಡುವೆ ಬಾತ್‌ರೂಮಿಗೆ ಎಷ್ಟು ನಿಮಿಷ ಇಟ್ಟಿದ್ದೀರಿ ಅಂತ ಆಡಳಿತ ಮಂಡಳಿಯವರನ್ನು ಯಾರಾದ್ರೂ ಕೇಳಿ ನೋಡಿ.