ರೀಲಿಗೆ ತೆಂಗಿನೆಣ್ಣೆ ಯಾಕೆ ಮಾರಾಯ್ರೆ?

ನಮ್ಮ ಕರಾವಳಿಯಿಂದ ಬಂದ ಗಾಳದ ದಾರ ಸುತ್ತುವ ರೀಲನ್ನು ಬಿಚ್ಚಿದರೆ ಇಲ್ಲಿ ಮೆಲ್ಬರ್ನಿನ ರಿಪೇರಿಯವರು ಮೊದಲು ಮೂಸಿ ನೋಡುತ್ತಾರೆ. ‘ಇದು ಅಡುಗೆ ಎಣ್ಣೆಯಾ?’ ಎಂದು ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಅಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು, ಹ್ಯಾಂಡಲ್ ಗರಗರ ತಿರುಗಿಸಿದರೆ ನಮ್ಮ ಕಡೆ ಸರ್ವಿಸ್ ಮುಗಿಯಿತು. ಊರ ಸೆಕೆಯಲ್ಲಿ ಅದರ ದೋಷ ಕಾಣುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವ ಆ ಎಣ್ಣೆ, ಇಲ್ಲಿ ಚಳಿಗಾಲವಾದ ಜುಲೈಯ ಬೆಳಗಿನ ಚಳಿಗೆ ಗೇರಿನ ಹಲ್ಲುಗಳ ನಡುವೆ ಮೇಣದಂತೆ ಕೂರುತ್ತದೆ. ಊರಲ್ಲೇ ಇದ್ದರೂ ದಿನ ಕಳೆದಂತೆ ಕಮಟು ಹಿಡಿದು ಅಂಟಾಗಿ, ಹೊಯ್ಗೆಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಎಣ್ಣೆಗಿಂತ ದೊಡ್ಡ ವ್ಯತ್ಯಾಸ ನೀರಿನದ್ದು. ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಗಾಳ ಹಾಕುವವರು ಮೀನು ಸಿಗಲಿ ಬಿಡಲಿ, ಅವತ್ತೇ ರೀಲು ತೊಳೆದಿಡುತ್ತಾರೆ. ಮಲ್ಪೆ, ಗಂಗೊಳ್ಳಿಯ ಬ್ರೇಕ್‌ವಾಟರಿನಿಂದ ಹಿಂದಿರುಗಿದ ನಮ್ಮವರು ಮೀನನ್ನು ಮೂರು ನೀರಿನಲ್ಲಿ ತೊಳೆಯುತ್ತಾರೆ. ರೀಲು ಸ್ಕೂಟರಿನ ಡಿಕ್ಕಿಯಲ್ಲೇ ಮುಂದಿನ ಭಾನುವಾರದವರೆಗೆ. ಒಣಗಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೆಣೆದ ಬ್ರೇಡ್ ದಾರದಡಿ, ಅದನ್ನು ಸುತ್ತಿಡುವ ಅಲ್ಯೂಮಿನಿಯಂ ಸ್ಪೂಲಿಗೆ ಬಿಳಿ ಹುಡಿ ಏಳುತ್ತದೆ, ಸ್ಟೇನ್‌ಲೆಸ್ ಬೇರಿಂಗೂ ಕೊರಕೊರ ಅನ್ನುತ್ತದೆ.

ಇದಕ್ಕೆ ಖರ್ಚು ಒಂದು ಬಾಟಲಿ ಸಿಹಿನೀರು. ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬ್ರೇಕು) ನಾಬನ್ನು ಪೂರ್ತಿ ಬಿಗಿ ಮಾಡಬೇಕು, ಇಲ್ಲದಿದ್ದರೆ ನೀರು ವಾಷರುಗಳಿಗೆ ಇಳಿಯುತ್ತದೆ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಹ್ಯಾಂಡಲ್ ತಿರುಗಿಸದೆ ಮೇಲಿಂದ ಹನಿಸಿ, ಕೊಡವಿ, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸುವುದು. ಒಣಗಿದ ಮೇಲೆ ನಾಬ್ ಸಡಿಲಿಸಬೇಕು. ಮರೆತರೆ ಫೆಲ್ಟ್ ವಾಷರು ಚಪ್ಪಟೆಯಾಗಿ, ಮೀನು ಓಡುವಾಗ ಡ್ರ್ಯಾಗ್ ಜರ್ಕ್ ಹೊಡೆಯುತ್ತದೆ. ಬೈಕ್ ತೊಳೆಯುವ ಪ್ರೆಶರ್ ಪೈಪನ್ನು ರೀಲಿಗೂ ಹಿಡಿಯುವ ಪುಣ್ಯಾತ್ಮರಿದ್ದಾರೆ. ಹೊರಗಿದ್ದ ಉಪ್ಪನ್ನು ಬೇರಿಂಗಿನೊಳಗೆ ನುಗ್ಗಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೊದಲು ಕೈಕೊಡುವುದು ಲೈನ್ ರೋಲರ್. ದಾರವನ್ನು ಸ್ಪೂಲಿಗೆ ಸುತ್ತಿಸುವ ಬೇಲ್ ತಂತಿಯ ತುದಿಯಲ್ಲಿ ದಾರ ಹಾಯುವ, ಮೆಣಸಿನಕಾಳಿಗಿಂತ ತುಸು ದೊಡ್ಡದಾದ ಆ ಉರುಳೆ ನಿಂತುಹೋದರೆ ದಾರ ಒಂದೇ ಜಾಗದಲ್ಲಿ ತೇಯುತ್ತದೆ, ಮುರುಚಿಕೊಳ್ಳುತ್ತದೆ. ಬೈಗುಳ ಮಾತ್ರ ದಾರದ ಕಂಪನಿಗೆ. ಒಂದೇ ಸ್ಕ್ರೂ ಬಿಚ್ಚಿದರೆ ಸಾಕು. ವಾಷರು, ಬೇರಿಂಗ್ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟು ಫೋಟೋ ತೆಗೆದುಕೊಳ್ಳಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಒಣಗಿಸಿ, ಒಂದು ಹನಿ ತೆಳು ಎಣ್ಣೆ. ಡೈವಾ ಕಂಪನಿಯ ಮ್ಯಾಗ್‌ಸೀಲ್ಡ್ ರೀಲಿನಲ್ಲಿ ಮಾತ್ರ ಕಾಂತೀಯ ಎಣ್ಣೆಯ ಸೀಲ್ ಇರುವ ಜಾಗಕ್ಕೆ ಕೈ ಹಾಕಬೇಡಿ.

ಒಳಗಿನ ಗೇರಿಗೆ ಬೇಕಾದದ್ದು ಎಣ್ಣೆಯಲ್ಲ, ಗ್ರೀಸು. ಹಲ್ಲುಗಳಿಗೆ ಬ್ರಶ್ಶಿನಲ್ಲಿ ತೆಳ್ಳಗೆ ಹಚ್ಚಿದರಾಯಿತು. ಡಬ್ಬಿಯಿಂದ ಬೆರಳಲ್ಲಿ ಬಾಚಿ ತುಂಬಿದರೆ ಅದು ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಕ್ಲಚ್ಚಿಗೆ ಹರಿದು, ಒಳಗಿನ ರೋಲರುಗಳು ಜಾರುತ್ತವೆ. ಆಮೇಲೆ ಕೆಂಬೇರಿ ಮೀನು ಎಳೆದಾಗ ಹ್ಯಾಂಡಲ್ ಹಿಮ್ಮುಖ ತಿರುಗಿ ಬೆರಳ ಗಂಟಿಗೆ ಬಡಿಯುತ್ತದೆ. ಗ್ರೀಸು ಹೋದರೆ ಕ್ಲಚ್ಚನ್ನು ಆಲ್ಕೊಹಾಲಿನಲ್ಲಿ ತೊಳೆದು, ಎಣ್ಣೆಯ ಪಸೆ ಮಾತ್ರ ಉಳಿಸಬೇಕು. ಡಬ್ಲ್ಯುಡಿ-40 ಸ್ಪ್ರೇ ತುಕ್ಕುಗಟ್ಟಿದ ಸ್ಕ್ರೂ ಬಿಡಿಸಲಿಕ್ಕೆ ಒಳ್ಳೆಯದು. ಬೇರಿಂಗಿಗೆ ಹೊಡೆದರೆ ಅಲ್ಲಿದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ.

ಜೂನ್-ಜುಲೈಯಲ್ಲಿ ಬೋಟುಗಳೇ ದಕ್ಕೆಯಲ್ಲಿ ಕಟ್ಟಿರುವಾಗ ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವುದು ಸುಳ್ಳು. ಆ ತೇವದಲ್ಲಿ ರೀಲನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿಡುವುದಂತೂ ತುಕ್ಕಿಗೆ ಹಾಸಿಗೆ ಹಾಸಿದಂತೆ.

ಹಾಂ, ಮನೆಯ ಹೊಲಿಗೆ ಯಂತ್ರದ ಎಣ್ಣೆಯ ವಿಷಯದಲ್ಲಿ ಊರವರದ್ದೇ ಸರಿ. ತೆಳುವಾದ ಮಿನರಲ್ ಎಣ್ಣೆ ಅದು, ರೋಲರಿಗೆ, ಹ್ಯಾಂಡಲ್ ಹಿಡಿಗೆ ಧಾರಾಳ ಸಾಕು; ಇಲ್ಲಿ ಅಂಥದ್ದೇ ಎಣ್ಣೆಯ ಪುಟಾಣಿ ಸೀಸೆಗೆ ಕೊಡುವ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ರಿಪೇರಿಯಲ್ಲೂ ಇಲ್ಲಿಯವರದ್ದು ಹೆಚ್ಚುಗಾರಿಕೆಯೇನಲ್ಲ. ಬೇಲ್ ಸ್ಪ್ರಿಂಗ್ ಮುರಿದ ಅಗ್ಗದ ರೀಲು ಕೊಟ್ಟರೆ, ಕೂಲಿಯೇ ಹೆಚ್ಚಾಗುತ್ತದೆ, ಹೊಸದು ತಗೊಳ್ಳಿ ಅನ್ನುತ್ತಾರೆ. ಊರಲ್ಲಾದರೆ ಯಾರೋ ಒಬ್ಬರು ತಂತಿ ಸುತ್ತಿ ಸಂಜೆಯೊಳಗೆ ಸ್ಪ್ರಿಂಗ್ ಮಾಡಿಕೊಟ್ಟಾರು. ಸ್ಟೇನ್‌ಲೆಸ್ ತಂತಿಯಲ್ಲೇ ಮಾಡಿ ಅನ್ನಲು ಮರೆಯಬಾರದು. ಮಾಮೂಲಿ ತಂತಿಯದ್ದಾದರೆ ಒಂದು ಮಳೆಗಾಲಕ್ಕೆ ಮತ್ತೆ ಅದೇ ಕಥೆ.