ಹೇಗೂ ಬಿಚ್ಚಿದ್ದೀವಲ್ಲ

ಶುರುವಾಗಿದ್ದು ಒಂದು ಬ್ರೇಕ್ ಪೆಡಲ್‌ನಿಂದ. ಒತ್ತಿದರೆ ಮೆತ್ತಗಿತ್ತು, ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಎರಡು ಸಲ ಒತ್ತಿ, ಮೂರನೇ ಸಲ ಬೇಡಿಕೊಂಡರೆ ಗಾಡಿ ನಿಲ್ಲುತ್ತಿತ್ತು. ಗಾಡಿ ಅಂದರೆ 1955ರ ಮಾರಿಸ್ ಮೈನರ್. ಗುಂಡುಗುಂಡಗೆ, ಮುಂದಿನ ಗಾಜು ಎರಡು ತುಂಡು, 803 ಸಿಸಿಯ ಪುಟ್ಟ ಎಂಜಿನ್. ಓಡಿಸೋಣ ಅಂತಲೇ ತಂದಿದ್ದು. ಷೋಕೇಸಿನಲ್ಲಿಡುವ ಆಸೆ ನನಗೆ ಯಾವತ್ತೂ ಇರಲಿಲ್ಲ.

ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಬರೆದೆ: 'ಬ್ರೇಕ್ ಮಾಸ್ಟರ್ ಸಿಲಿಂಡರ್ ಬದಲಾಯಿಸುವುದು. ಒಂದು ಭಾನುವಾರ.' ಇದು ಮೂರು ವರ್ಷದ ಹಿಂದಿನ ಮಾತು. ಈಗ ಆ ನೋಟ್‌ಬುಕ್ಕಿನಲ್ಲಿ 41ನೇ ಪುಟ ನಡೀತಿದೆ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ದೂಡುವ ಭಾಗವೇ ಮಾಸ್ಟರ್ ಸಿಲಿಂಡರ್. ಬೇರೆ ಎಷ್ಟೋ ಕಾರುಗಳಲ್ಲಿ ಅದು ಬಾನೆಟ್ ಎತ್ತಿದರೆ ಎದುರಿಗೇ ಸಿಗುತ್ತದೆ. ಮೈನರ್‌ನಲ್ಲಿ ಅದು ಡ್ರೈವರ್ ಕಾಲಿನ ಕೆಳಗೆ, ಚಾಸಿಯ ಹೊಟ್ಟೆಯೊಳಗೆ ಅಡಗಿ ಕೂತಿದೆ. ಬ್ರೇಕ್ ಆಯಿಲ್ ಹಾಕಬೇಕಾದರೂ ಕಾಲಡಿಯ ಮ್ಯಾಟ್ ಎತ್ತಬೇಕು. ಅದನ್ನು ಹಿಡಿದಿರುವುದು ಎರಡು ಉದ್ದನೆಯ ಬೋಲ್ಟು. ಎರಡೇ ಅಲ್ವಾ ಅಂದುಕೊಂಡೆ. ನಟ್ಟು ಬಿಚ್ಚಿತು. ಬೋಲ್ಟು ಸಡಿಲವೂ ಆಯಿತು. ಆದರೆ ಈಚೆ ಬರಲಿಲ್ಲ. ಅದು ಹೊರಗೆ ಬರುವ ದಾರಿಯಲ್ಲೇ ಟಾರ್ಷನ್ ಬಾರ್ ಅಡ್ಡ ಮಲಗಿತ್ತು.

ಟಾರ್ಷನ್ ಬಾರ್ ಅಂದರೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಉಕ್ಕಿನ ಸರಳು. ಚಕ್ರ ಮೇಲೆ ಕೆಳಗೆ ಆದಂತೆ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಸರಿಸಬೇಕಾದರೆ ಮುಂದಿನ ಚಕ್ರದ ತೋಳು ಬಿಚ್ಚಬೇಕು. ತೋಳು ಬಿಚ್ಚಿದಾಗ ಅದರ ತುದಿಯ ಟ್ರನಿಯನ್ ಕೈಗೆ ಬಂತು. ಇದು ಚಕ್ರ ತಿರುಗುವ ಕೀಲು. ಕಾಲಕಾಲಕ್ಕೆ ಗ್ರೀಸ್ ತಿನ್ನಿಸದಿದ್ದರೆ ಒಳಗಿನ ಸ್ಕ್ರೂ ಥ್ರೆಡ್ ಸವೆದು, ಒಂದು ದಿನ ಕಳಚಿಕೊಂಡು, ಚಕ್ರ ಮಡಚಿ ಕೂತುಬಿಡುತ್ತದೆ. ನಡುರಸ್ತೆಯಲ್ಲಿ ಮಂಡಿ ಊರಿದ ಮೈನರ್‌ಗಳ ಫೋಟೋ ಬೇಕಾದಷ್ಟಿವೆ. ನನ್ನದನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಬಿದ್ದುಹೋಗುವ ಮೊದಲಿನ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ನೋಡಿಯೂ ನೋಡದವನಂತೆ ವಾಪಸ್ ಜೋಡಿಸುವುದಕ್ಕೆ ಆಗುತ್ತದೆಯೇ? ಬಲಗಡೆಯದು ಹೀಗಿದ್ದ ಮೇಲೆ ಎಡಗಡೆಯದನ್ನು ನಂಬುವುದಾದರೂ ಹೇಗೆ?

ಅಷ್ಟಕ್ಕೇ ನಿಂತಿದ್ದರೂ ಎರಡು ಭಾನುವಾರದಲ್ಲಿ ಮುಗೀತಿತ್ತು. ಆದರೆ ಟಾರ್ಷನ್ ಬಾರ್‌ಗೆ ಇನ್ನೊಂದು ತುದಿಯೂ ಇದೆ. ಆ ತುದಿ ಸಿಕ್ಕಿಸಿಕೊಂಡಿರುವುದು ಮುಂದಿನ ಸೀಟಿನ ಹತ್ತಿರ ಗಾಡಿಯ ಅಗಲಕ್ಕೂ ಹೋಗುವ ಅಡ್ಡಪಟ್ಟಿಗೆ. ಆ ಪಟ್ಟಿಯ ಮೇಲೆ ಬಣ್ಣ ಸ್ವಲ್ಪ ಉಬ್ಬಿತ್ತು. ಒಂದು ಗುಳ್ಳೆ, ಅಷ್ಟೇ. ಸುಮ್ನೆ ಸ್ಕ್ರೂಡ್ರೈವರ್ ತುದಿಯಿಂದ ಕುಕ್ಕಿದೆ. ಹಳೇ ಕಾರು ಇಟ್ಟುಕೊಂಡವರು ಕೈಗೆ ಸ್ಕ್ರೂಡ್ರೈವರ್ ಬಂದಾಗ ಮಾಡಬಾರದ ಕೆಲಸ ಇದೊಂದೇ. ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು. ಅದರ ಬೆನ್ನಿಗೇ ಕಂದು ಬಣ್ಣದ ಪುಡಿ ಮುಖದ ಮೇಲೆ ಸುರಿಯಿತು. ಬಾಯಿ ತೆರೆದಿದ್ದೆ ಅಂತ ಕಾಣುತ್ತೆ, ತುಕ್ಕಿನ ರುಚಿ ಈಗಲೂ ನೆನಪಿದೆ.

ಇನ್ನೂ ಸ್ವಲ್ಪ ಕೆರೆದಾಗ ಕಂಡದ್ದು ಒಂದು ತಗಡಿನ ತೇಪೆ. ನನಗಿಂತ ಮುಂಚೆ ಯಾರೋ ಪುಣ್ಯಾತ್ಮರು ಆಯಿಲ್ ಡಬ್ಬ ಕತ್ತರಿಸಿ, ರಿವೆಟ್ ಹೊಡೆದು, ಮೇಲೆ ಡಾಂಬರು ಬಳಿದಿದ್ದರು. ಡಬ್ಬದ ಮೇಲಿನ ಅಕ್ಷರ ತಲೆಕೆಳಗಾಗಿ ಇನ್ನೂ ಓದಬಹುದಾಗಿತ್ತು. ಮೊದಲು ಬೈದುಕೊಂಡೆ. ಆಮೇಲೆ ಯೋಚಿಸಿದರೆ, ಆ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ವರ್ಷಗಟ್ಟಲೆ ಗಾಡಿ ಓಡಿಸಿದ್ದಾನೆ. ನಾನು ಶಾಸ್ತ್ರೋಕ್ತವಾಗಿ ಮಾಡಲು ಹೊರಟು ಮೂರು ವರ್ಷದಿಂದ ಒಂದು ಮೀಟರೂ ಓಡಿಸಿಲ್ಲ.

ಅಡ್ಡಪಟ್ಟಿಗೆ ವೆಲ್ಡಿಂಗ್ ಮಾಡಬೇಕು ಅಂದರೆ ಸೀಟು ತೆಗೆಯಬೇಕು, ಮ್ಯಾಟ್ ತೆಗೆಯಬೇಕು. ಬೆಂಕಿಯ ಕೆಲಸವಾದ್ದರಿಂದ ಪೆಟ್ರೋಲ್ ಟ್ಯಾಂಕು ಇಳಿಸಬೇಕು, ವೈರುಗಳನ್ನು ಎಳೆದು ಪಕ್ಕಕ್ಕಿಡಬೇಕು. ಆ ಕಾಲದ ವೈರಿನ ಮೇಲೆ ಬಟ್ಟೆಯ ಸುತ್ತು. ಮುಟ್ಟಿದರೆ ಹುಡಿಯಾಗುತ್ತದೆ. ಅಂದಮೇಲೆ ವೈರಿಂಗ್ ಪೂರ್ತಿ ಹೊಸದು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಅಲ್ಲೂ ಅದೇ ಕಂದು ಪುಡಿ. ಈ ಕಾರಿಗೆ ಚಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ. ಬಾಗಿಲ ಕೆಳಗಿನ ಪಟ್ಟಿಯೂ ಭಾರ ಹೊರುತ್ತದೆ. ಅದನ್ನು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಧಾರ ಕೊಡದಿದ್ದರೆ ಗಾಡಿ ನಡು ಬಗ್ಗಿ, ಆಮೇಲೆ ಬಾಗಿಲು ಹಾಕುವುದಕ್ಕೇ ಬರುವುದಿಲ್ಲ. ಹೀಗಾಗಿ ಕಾರು ರಿಪೇರಿಗೆ ಮುಂಚೆ ಕಾರಿನ ಆಧಾರದ ಚೌಕಟ್ಟು ಮಾಡುವ ಕೆಲಸ. ಅದಕ್ಕೇ ಒಂದು ತಿಂಗಳು. ಖರ್ಚಿನ ವಿಷಯ ಇಲ್ಲಿ ಬರೆಯುವುದಿಲ್ಲ. ಇದನ್ನು ಮನೆಯವರೂ ಓದುತ್ತಾರೆ.

ಇದೆಲ್ಲದರ ಹಿಂದೆ ಒಂದು ಮಾತಿದೆ. 'ಹೇಗೂ ಬಿಚ್ಚಿದ್ದೀವಲ್ಲ, ಇದನ್ನೂ ನೋಡಿಬಿಡೋಣ.' ಎಷ್ಟು ಸಾಧುವಾದ ಮಾತು ನೋಡಿ! ಯಾವತ್ತೂ ತಪ್ಪಿರುವುದಿಲ್ಲ. ಇವತ್ತು ನೋಡದಿದ್ದರೆ ನಾಳೆ ಇದೇ ನಟ್ಟನ್ನು ಮತ್ತೆ ಬಿಚ್ಚಬೇಕು, ನಿಜ ತಾನೇ? ಒಂದೊಂದು ಹೆಜ್ಜೆಯೂ ಬುದ್ಧಿವಂತನದೇ. ಎಲ್ಲ ಹೆಜ್ಜೆ ಸೇರಿ ಎಲ್ಲಿಗೆ ಬಂದೆ ಅಂತ ತಿರುಗಿ ನೋಡಿದಾಗ ಮಾತ್ರ ಬುದ್ಧಿಯ ಬಗ್ಗೆ ಅನುಮಾನ. ಇಲಿ ಲಂಗೋಟಿ ಕಡಿಯಿತು ಅಂತ ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕು ಅಂತ ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕತೆ ಎಲ್ಲರಿಗೂ ಗೊತ್ತು. ಅವನನ್ನು ನೋಡಿ ನಗುವುದು ಸುಲಭ. ಆದರೆ ಕಡೆಗೆ ಅವನ ಹತ್ತಿರ ಹಾಲಾದರೂ ಇತ್ತು.

ನನಗೆ ಸಮಾಧಾನ ಕೊಟ್ಟಿದ್ದು ಈ ಕಾರು ಹುಟ್ಟಿದ ಕತೆ. ಇದನ್ನು ರೂಪಿಸಿದವನು ಅಲೆಕ್ ಇಸಿಗೊನಿಸ್. ಮಾದರಿ ಕಾರು ತಯಾರಾಗಿ, ಇನ್ನೇನು ಕಾರ್ಖಾನೆಗೆ ಹೋಗಬೇಕು ಅನ್ನುವಾಗ ಅವನಿಗೆ ಅದು ಯಾಕೋ ಕಿರಿದಾಯಿತು ಅನ್ನಿಸಿತು. ಉದ್ದಕ್ಕೆ ಕೊಯ್ದು ಎರಡು ಹೋಳು ಮಾಡಿಸಿದ. ಹೋಳುಗಳನ್ನು ಸರಿಸುತ್ತ ಸರಿಸುತ್ತ, ಕಣ್ಣಿಗೆ ಸರಿ ಕಂಡ ಕಡೆ ನಿಲ್ಲಿಸಿದ. 4 ಇಂಚು ಜಾಸ್ತಿಯಾಗಿತ್ತು. ಅಷ್ಟು ಹೊತ್ತಿಗೆ ಬಂಪರ್‌ಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ 4 ಇಂಚಿನ ತುಂಡು ಸೇರಿಸಿದರು. 1948ರಲ್ಲಿ ಹೊರಬಂದ ಮೊದಮೊದಲ ಗಾಡಿಗಳಲ್ಲಿ ಆ ತೇಪೆಯ ಬಂಪರ್ ಇದೆ. ಬಾನೆಟ್ಟಿನ ನಡುವೆ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಇದೆಯಲ್ಲ, ಅದೂ ಆ 4 ಇಂಚಿನ ಗುರುತೇ. ಕಂಪನಿಯ ಯಜಮಾನ ಲಾರ್ಡ್ ನಫೀಲ್ಡ್ ಈ ಕಾರನ್ನು ನೋಡಿ 'ಪೋಚ್ಡ್ ಎಗ್', ಅಂದರೆ ಒಡೆದು ನೀರಿನಲ್ಲಿ ಬೇಯಿಸಿದ ಮೊಟ್ಟೆ, ಅಂತ ಹಳಿದನಂತೆ. ಆ ಮೊಟ್ಟೆ 10 ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರಾಯಿತು. ಒಟ್ಟಿನಲ್ಲಿ ನಾನು ಹೇಳುವುದು ಇಷ್ಟೇ: 'ಇನ್ನೊಂಚೂರು' ಅನ್ನುವುದು ಈ ಗಾಡಿಯ ಹುಟ್ಟುಗುಣ. ತಪ್ಪು ನನ್ನೊಬ್ಬನದಲ್ಲ.

ಬಣ್ಣದ ವಿಷಯಕ್ಕೆ ಬಂದರೆ ತಪ್ಪು ನನ್ನದೇ. ಬ್ರೇಕ್ ಆಯಿಲ್ಲಿನ ಡಬ್ಬವನ್ನು ಮಡ್‌ಗಾರ್ಡ್ ಮೇಲೆ ಇಟ್ಟೆ. ಗುಂಡಗಿರುವ ಮಡ್‌ಗಾರ್ಡ್ ಮೇಲೆ ಯಾವುದೂ ನಿಲ್ಲುವುದಿಲ್ಲ ಅಂತ ತಿಳಿಯದ ವಯಸ್ಸೇನಲ್ಲ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಒರೆಸಿದ ಬಟ್ಟೆಯ ಜೊತೆ ಬಣ್ಣವೂ ಬಂತು, ಹಾಲಿನ ಕೆನೆ ಎದ್ದ ಹಾಗೆ ಸುಕ್ಕುಸುಕ್ಕಾಗಿ. ಒಂದು ಮಡ್‌ಗಾರ್ಡ್‌ಗೆ ಬಣ್ಣ ಹೊಡೆಸಿದೆ. ಅಲ್ಲಿಯ ತನಕ ಚೆನ್ನಾಗಿಯೇ ಕಾಣುತ್ತಿದ್ದ ಬಾಗಿಲು ಪಕ್ಕದಲ್ಲಿ ಮಾಸಿದ ಪಂಚೆಯಂತಾಯಿತು. ಹೊಸ ವಸ್ತು ಬಂದರೆ ಇದೇ ತೊಂದರೆ. ಅದು ತನ್ನ ಪಾಡಿಗೆ ತಾನು ಇರುವುದಿಲ್ಲ, ನೆರೆಯವರ ವಯಸ್ಸು ಹೇಳುತ್ತದೆ.

ಬಿಚ್ಚಿದ್ದೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿದೆ. ಮೊದಲ ತಿಂಗಳ ಚೀಟಿಗಳನ್ನು ನೋಡಿದರೆ ನನಗೇ ಹೆಮ್ಮೆ: 'ಬಲ ಮುಂಬಾಗಿಲು, ಮೇಲಿನ ಹಿಂಜ್, 3 ಬೋಲ್ಟು, ದಪ್ಪ ವಾಷರ್ ಹೊರಗಡೆ.' ಆರನೇ ತಿಂಗಳ ಹೊತ್ತಿಗೆ 'ಬಾಗಿಲಿನದು'. ಒಂದು ಚೀಲದಲ್ಲಿ ನನ್ನದೇ ಅಕ್ಷರದಲ್ಲಿ 'ಎಡಗಡೆ' ಅಂತಷ್ಟೇ ಇದೆ. ಯಾವುದರ ಎಡಗಡೆ? ಒಳಗೆ ಒಂದು ಸ್ಪ್ರಿಂಗು, ಎರಡು ಕ್ಲಿಪ್ಪು. ಅವು ಹೋಗಿ ಕೂರಬೇಕಾದ ಜಾಗ ಮೂರು ವರ್ಷವಾದರೂ ಸಿಕ್ಕಿಲ್ಲ.

ಉಪಕರಣಗಳೂ ಹೀಗೇ ಬೆಳೆದವು. ನನ್ನ ಸ್ಪ್ಯಾನರ್‌ಗಳೆಲ್ಲ ಮಿಲಿಮೀಟರಿನವು, ಗಾಡಿ ಇಂಚಿನದು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, 13ರ ಸ್ಪ್ಯಾನರ್ ಸರಿಯಾಗಿ ಕೂತ ಹಾಗೇ ನಟಿಸುತ್ತದೆ. ಜೋರು ಕೊಟ್ಟ ಕ್ಷಣ ಜಾರಿ, ಬೋಲ್ಟಿನ ಮೂಲೆ ಸವರಿ, ಗೆಣ್ಣಿನ ಚರ್ಮ ಕೀಳುತ್ತದೆ.

'ರಿಪೇರಿ' ಅನ್ನುವುದು ಯಾವ ದಿನ 'ರೆಸ್ಟೊರೇಷನ್' ಆಯಿತು ಅಂತ ನೋಟ್‌ಬುಕ್ ತಿರುವಿ ನೋಡಿದೆ. ನಾಲ್ಕನೇ ಚಕ್ರ ಕಳಚಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದ ದಿನವೇ ಇರಬೇಕು. ರಿಪೇರಿ ಮಾಡುವವನು ಕೆಟ್ಟದ್ದನ್ನು ಹುಡುಕುತ್ತಾನೆ. ರೆಸ್ಟೊರೇಷನ್ ಮಾಡುವವನಿಗೆ ಕೆಡದೇ ಇರುವುದರ ಮೇಲೂ ಸಂಶಯ. ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿದ್ದ ಎಂಜಿನ್ನನ್ನು ನಾನು ಇಳಿಸಿದ್ದು ಇದೇ ಸಂಶಯದಿಂದ. ಒಳಗೆ ಏನೂ ಕೆಟ್ಟಿರಲಿಲ್ಲ. ಸ್ವಲ್ಪ ಬೇಜಾರೂ ಆಯಿತು ಅನ್ನಿ.

ಮೊನ್ನೆ ಆ 'ಎಡಗಡೆ' ಕ್ಲಿಪ್ಪಿನ ಜೋಡಿ ಹುಡುಕುತ್ತ ಕಪಾಟಿನ ಹಿಂದೆ ಕೈ ಹಾಕಿದಾಗ ಒಂದು ರಟ್ಟಿನ ಡಬ್ಬ ಸಿಕ್ಕಿತು. ಧೂಳು ಒರೆಸಿ ತೆರೆದೆ. ಹೊಸ ಮಾಸ್ಟರ್ ಸಿಲಿಂಡರ್! ಮೂರು ವರ್ಷದ ಹಿಂದೆ ತಂದಿದ್ದು, ಎಣ್ಣೆಕಾಗದ ಕೂಡ ಬಿಚ್ಚಿಲ್ಲ. ಅಡ್ಡಪಟ್ಟಿ ಹೊಸದಾಗಿದೆ, ವೈರಿಂಗ್ ಆಗಿದೆ, ಬಣ್ಣ ಆಗಿದೆ. ನೋಟ್‌ಬುಕ್ಕಿನ ಮೊದಲ ಸಾಲು ಮಾತ್ರ ಹಾಗೇ ಉಳಿದಿದೆ.

ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ, 'ಸುಮ್ನೆ ಇಟ್ಟರೆ ಒಳಗಿನ ರಬ್ಬರು ಗಟ್ಟಿಯಾಗುತ್ತೆ, ಹಾಕುವ ಮೊದಲು ಒಂದು ಸಲ ಬಿಚ್ಚಿ ನೋಡಿಬಿಡಿ' ಅಂದರು. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಬಿಚ್ಚಿದೆ. ರಬ್ಬರೆಲ್ಲ ಮೆತ್ತಗೆ, ಚೆನ್ನಾಗಿಯೇ ಇತ್ತು. ಹಾಗೇ ಮುಚ್ಚಿಬಿಡಬಹುದಿತ್ತು.

ಆದರೆ, ಹೇಗೂ ಬಿಚ್ಚಿದ್ದೀನಲ್ಲ.