ಹಿಮ್ಮೇಳದವರನ್ನು ಕೆಳಗೆ ಇಳಿಸಬೇಡಿ

ನಿನ್ನೆ ಶ್ರಾವಣ ಸೋಮವಾರ. ಇಲ್ಲೇ ಕಲಬುರಗಿಯಲ್ಲಿ ಒಂದು ಕಡೆ ನಮ್ಮ ಭಜನಾ ಮಂಡಳಿಗೆ ಕರೆ ಬಂದಿತ್ತು. ಯಾರು, ಎಲ್ಲಿ ಅನ್ನೋದು ಬೇಡ. ಹನ್ನೊಂದು ಜನ ಹೋಗಿದ್ದೆವು. ಸ್ಟೇಜ್ ಹತ್ತುವಾಗ ಒಬ್ಬ ಹುಡುಗ ಕೈ ಅಡ್ಡ ಹಿಡಿದ. "ಹಾಡೋರು, ಪೇಟಿ, ತಬಲಾ, ತಾಳ. ನಾಲ್ಕೇ ಮಂದಿ ಮ್ಯಾಲ ಬರ್ರಿ. ಉಳಿದವರು ಕೆಳಗ ಕುರ್ಚಿ ಮ್ಯಾಲ ಕುಂದರ್ರಿ ಕಾಕಾ. ಮೈಕ್ ನಾಲ್ಕೇ ಅವ."

ಏಳು ಜನ ಕೆಳಗೆ ಉಳಿದರು. ಅವರಲ್ಲಿ ನಮ್ಮ ಕಾಕಾನೂ ಒಬ್ಬರು. ಎಪ್ಪತ್ತು ದಾಟಿದವರು. ನಲವತ್ತು ವರ್ಷದಿಂದ ಹಿಂದಿನ ಸಾಲಲ್ಲಿ ಕೂತು ಹಾಡುತ್ತಿರುವವರು. ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಹತ್ತಿದ್ದರು. ಇಳಿದು ಬಂದು, ಅಷ್ಟು ಚಪ್ಪಲಿಗಳ ನಡುವೆ ತಮ್ಮದನ್ನು ಹುಡುಕಿ ಮತ್ತೆ ಹಾಕಿಕೊಂಡರು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಂಡಳಿ ಅಂದರೇನು ಅಂತ ಆ ಹುಡುಗನಿಗೆ ಯಾರೂ ಹೇಳಿಲ್ಲ. ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಮುಂದಿನವರು ಉಸಿರು ತಗೋತಾರೆ, ಮುಂದಿನ ನುಡಿ ನೆನಪು ಮಾಡಿಕೊಳ್ಳುತ್ತಾರೆ. ಹಿಮ್ಮೇಳ ಇಲ್ಲದಿದ್ದರೆ ರಾತ್ರಿ ಒಂಬತ್ತಕ್ಕೆ ಕೂತು ಬೆಳಗಿನ ತನಕ ಹಾಡೋಕೆ ಯಾರ ಗಂಟಲಿಗೂ ಆಗಲ್ಲ. ಅಷ್ಟೇ ಅಲ್ಲ. ಓದು ಬರಹ ಬಾರದವರು ಪದ, ಅಂದರೆ ಭಜನೆ ಹಾಡು, ಕಲಿತದ್ದೇ ಹೀಗೆ. ಕೇಳಿದ ಸಾಲನ್ನು ಕೂಡಲೇ ಬಾಯಲ್ಲಿ ತಿರುಗಿಸಿದರೆ ಅದು ಒಳಗೆ ಕೂತುಬಿಡುತ್ತದೆ. ನಮ್ಮ ಜಿಲ್ಲೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಅಚ್ಚಾಗೋಕೆ ಎಷ್ಟೋ ಮೊದಲು ಇಂಥ ಬಾಯಿಗಳಲ್ಲೇ ಉಳಿದವು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಬರೂ ಇದ್ದರು ಅಲ್ವಾ? ನಮ್ಮ ಕಡೆ ಶ್ರಾವಣದಲ್ಲಿ ಭಜನೆ ಹಾಡಿದ ಬಾಯೇ ಮೊಹರಂ ಬಂದಾಗ ರಿವಾಯತ್ ಪದ ಹಾಡುತ್ತದೆ. ಆ ಜಮಖಾನೆ ಮೇಲೆ ಕೂಡೋಕೆ ಯಾರೂ ದನಿ ಪರೀಕ್ಷೆ ಮಾಡಿದ್ದಿಲ್ಲ.

ನಮ್ಮಜ್ಜನ ಮಾತು ಕೆಲವರಿಗೆ ಗೊತ್ತು. ಈ ಮಂಡಳಿ ಕಟ್ಟಿದವರಲ್ಲಿ ಅವರೂ ಒಬ್ಬರು. ಆಗ ನಿಜಾಮರ ಕಾಲ. 1948ರ ಸೆಪ್ಟೆಂಬರ್ ತನಕ ಇಲ್ಲಿ ಕಚೇರಿ ಭಾಷೆ ಉರ್ದು. ಅಜ್ಜ ಶಾಲೆಯಲ್ಲಿ ಕಲಿತದ್ದೂ ಉರ್ದುನೇ. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಅವರ ಭಜನೆ ಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ಪದಗಳೆಲ್ಲ ಕನ್ನಡದವು, ಬರೆದದ್ದು ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ. ಅಂಚುಗಳು ಎಣ್ಣೆ ಹತ್ತಿ ಕಪ್ಪಾಗಿವೆ. ನನಗೆ ಅದು ಓದೋಕೆ ಬರಲ್ಲ. ಒಂದು ಸಲ ಉರ್ದು ಬಲ್ಲ ಗೆಳೆಯನ ಕೈಗೆ ಕೊಟ್ಟೆ. ಅವನು ತಡವರಿಸುತ್ತಾ ಒಂದೊಂದೇ ಅಕ್ಷರ ಕೂಡಿಸಿದ. ಅರ್ಧ ಸಾಲು ಆಗುವಷ್ಟರಲ್ಲಿ ಉಳಿದ ಅರ್ಧ ನನ್ನ ಬಾಯಿಂದ ತಾನೇ ಬಂತು. ಚಿಕ್ಕವನಿದ್ದಾಗ ಹಿಂದಿನ ಸಾಲಲ್ಲಿ ಕೂತು ಕಲಿತದ್ದು ಅದು.

ಈಗ ಕೆಲವರು ಹೇಳ್ತಾರೆ, ಕಾಲ ಬದಲಾಗಿದೆ, ಶ್ರುತಿ ಇಲ್ಲದವರು ಸೇರಿದರೆ ಪದ ಕೆಡುತ್ತೆ, ಚೆನ್ನಾಗಿ ಹಾಡಿದರೆ ಮಾತ್ರ ಹುಡುಗರು ಕೂತು ಕೇಳ್ತಾರೆ ಅಂತ. ಚೆನ್ನಾಗಿ ಹಾಡಬೇಕು, ನಿಜ. ಕಛೇರಿ ಕೇಳೋಕೆ ನಾನೂ ಹೋಗ್ತೀನಿ. ಆದರೆ ಹುಡುಗರು ಸುಮ್ನೆ ಕೂತು ಕೇಳಲಿ ಅಂತ ನಮ್ಮ ಹಿರಿಯರು ಮಂಡಳಿ ಕಟ್ಟಲಿಲ್ಲ. ಅವರೂ ಹಾಡಲಿ ಅಂತ ಕಟ್ಟಿದರು. ಏಳು ಜನರನ್ನು ಕುರ್ಚಿಗೆ ಕಳಿಸಿದ ಮೇಲೆ ಯಾವ ಹುಡುಗ ಬಂದು ದನಿ ಸೇರಿಸುತ್ತಾನೆ?

ನಮ್ಮಪ್ಪ ತೀರಿಕೊಂಡ ರಾತ್ರಿ ಮಂಡಳಿಯವರೆಲ್ಲ ಬಂದಿದ್ದರು. ಹೆಣದ ಮುಂದೆ ಬೆಳತನಕ ಭಜನೆ. ನನ್ನ ಕೈಯಲ್ಲಿ ತಾಳ ಇತ್ತು, ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಪಕ್ಕದಲ್ಲಿ ಕಾಕಾ ಕೂತಿದ್ದರು. ಅವರ ದನಿ ಒಡೆದದ್ದು, ಶ್ರುತಿಗೆ ಕೂಡೋದೂ ಇಲ್ಲ. ನಾನು ಬಿಟ್ಟ ಪ್ರತಿ ಸಾಲನ್ನೂ ಅವರೇ ಹಾಡಿದರು. ನಸುಕಿನಲ್ಲಿ ಹೇಗೋ ನನ್ನ ದನಿಯೂ ಅವರ ದನಿ ಹಿಂದೆ ಹೊರಟಿತು.

ಇನ್ನೊಂದು ಹೇಳಲೇಬೇಕು. ಹೋದ ವರ್ಷ ಮೊಬೈಲಲ್ಲಿ ರೆಕಾರ್ಡ್ ಮಾಡುವಾಗ "ಕಾಕಾ, ಸ್ವಲ್ಪ ಸಣ್ಣಗ ಹಾಡ್ರಿ" ಅಂದವನು ನಾನೇ. ಅವರು ಹೂಂ ಅಂದರು. ಆಮೇಲೆ ಆ ರಾತ್ರಿ ಪೂರ್ತಿ ತುಟಿ ಮಾತ್ರ ಆಡಿಸಿದರು. ನಿನ್ನೆಯೂ ಅಷ್ಟೇ. ಅವರನ್ನು ಇಳಿಸಿದಾಗ ನಾನು ಇಳಿಯಲಿಲ್ಲ. ತಾಳ ಹಿಡಿದು ಮೇಲೆ ಕೂತೆ. ಮೂರು ಪದ ಹಾಡಿದೆವು, ಶಾಲು ಹೊದಿಸಿಕೊಂಡೆವು. ಪ್ರತಿ ಸಾಲಿನ ಕೊನೆಗೆ ಹಿಂದಿನಿಂದ ದನಿ ಬರಬೇಕಾದ ಕಡೆ ಖಾಲಿ ಖಾಲಿ. ಹಾಡೋ ಅಣ್ಣ ಎರಡು ಸಲ ನುಡಿ ಮರೆತರು.

ಶಾಲು ಇನ್ನೂ ನನ್ನ ಬ್ಯಾಗಲ್ಲೇ ಇದೆ. ಇವತ್ತು ಸಂಜೆ ಕಾಕಾನ ಮನೆಗೆ ಹೋಗ್ತಿದ್ದೀನಿ. ಅಮಾವಾಸ್ಯೆ ದಿನ ಎಂದಿನಂತೆ ನಮ್ಮ ಓಣಿಯ ಗುಡಿ ಕಟ್ಟೆ ಮೇಲೆ ಭಜನೆ ಇದೆ, ರಾತ್ರಿ ಒಂಬತ್ತಕ್ಕೆ. ಮೈಕ್ ತರಿಸಬೇಡಿ ಅಂತ ಹೇಳಿದ್ದೀನಿ. ಈ ಸಲ ತಾಳ ಬೇರೆ ಯಾರಾದರೂ ಹಿಡಿಯಲಿ, ನಾನು ಹಿಂದೆ ಕಾಕಾನ ಪಕ್ಕ ಕೂಡ್ತೀನಿ. ಹಾಡೋಕೆ ಬರಲ್ಲ ಅನ್ನೋರೂ ಬನ್ನಿ.